ಅಂಗಡಿ ಕಟ್ಟೆಯಲ್ಲಿ ಬೆಳೆದ ಆಟ

ಕ್ರಿಕೆಟ್ ಆಡುವ ಹುಡುಗನಿಗೆ ಮೈದಾನವಿದೆ. ಕುಸ್ತಿ ಕಲಿಯುವವನಿಗೆ ಗರಡಿಮನೆಯಿದೆ, ಅಲ್ಲಿ ಪಟ್ಟು ಹೇಳಿಕೊಡಲು ಉಸ್ತಾದರಿದ್ದಾರೆ. ಆದರೆ ನಾಲ್ಕು ಗಾಲಿಯ ಹಲಗೆ ಹತ್ತಿ ಬೀದಿಗಿಳಿಯುವ ಸ್ಕೇಟ್‌ಬೋರ್ಡ್ ಆಟಗಾರನಿಗೆ ಏನಿದೆ? ಬಹುಕಾಲ ಅವನಿಗೆ ಮೈದಾನವಿರಲಿಲ್ಲ, ತರಬೇತುದಾರನಿರಲಿಲ್ಲ, ಸಂಘ ಸಂಸ್ಥೆಗಳ ಬೆಂಬಲವಂತೂ ಇರಲೇ ಇಲ್ಲ. ಇದ್ದದ್ದು ಊರಿನ ಒಂದು ಪುಟ್ಟ ಅಂಗಡಿ ಮಾತ್ರ.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ ಬರೀ 13 ವರ್ಷ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಈ ಆಟವಿತ್ತು. ಪುಂಡು ಹುಡುಗರ ಹುಚ್ಚಾಟ ಎನಿಸಿಕೊಂಡಿದ್ದ ಆಟಕ್ಕೆ ಹೀಗೆ ರಾಜಮರ್ಯಾದೆ ದೊರೆಯುವವರೆಗೆ ಅದನ್ನು ಸಾಕಿ ಸಲಹಿದವರು ಯಾರು ಎಂದು ಹುಡುಕುತ್ತಾ ಹೋದರೆ ನಾವು ತಲುಪುವುದು ಕ್ರೀಡಾ ಸಂಸ್ಥೆಗಳನ್ನಲ್ಲ, ಅಂಗಡಿಗಳನ್ನು.

ಕಡಲಿನಿಂದ ರಸ್ತೆಗೆ

ಸ್ಕೇಟ್‌ಬೋರ್ಡ್ ನೋಡಲು ಸರಳವಾದ ವಸ್ತು. ಮೇಪಲ್ ಮರದ ತೆಳು ಹಾಳೆಗಳನ್ನು, ಸಾಮಾನ್ಯವಾಗಿ ಏಳನ್ನು, ಒಂದರ ಮೇಲೊಂದು ಅಂಟಿಸಿ ಒತ್ತಿ ಮಾಡಿದ ಹಲಗೆ. ಅದರ ಕೆಳಗೆ ಲೋಹದ ಎರಡು ಅಚ್ಚು. ನಾಲ್ಕು ಗಾಲಿ, ಎಂಟು ಬೇರಿಂಗ್. ಕಾಲು ಜಾರದಂತೆ ಮೇಲ್ಭಾಗಕ್ಕೆ ಉಪ್ಪುಕಾಗದದಂಥ ಒರಟು ಪಟ್ಟಿ. ಬ್ರೇಕ್ ಇಲ್ಲ, ಹಿಡಿ ಇಲ್ಲ. ಮೈಭಾರವನ್ನು ಅತ್ತಿತ್ತ ವಾಲಿಸುವುದರಲ್ಲೇ ಎಲ್ಲ ಚಾಲನೆ.

ಇದು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ. ಅಲೆಗಳ ಮೇಲೆ ಹಲಗೆ ಹತ್ತಿ ಜಾರುವ ಸರ್ಫಿಂಗ್ ಅಲ್ಲಿನ ಯುವಕರ ಗೀಳು. ಕಡಲಿನಲ್ಲಿ ಅಲೆ ಇಲ್ಲದ ದಿನ ಅವರು ಹಲಗೆಗೆ ರೋಲರ್ ಸ್ಕೇಟಿನ ಗಾಲಿ ಜೋಡಿಸಿ ರಸ್ತೆಯಲ್ಲೇ ಜಾರತೊಡಗಿದರು. 1962ರಲ್ಲಿ ಲಾಸ್ ಏಂಜಲೀಸ್ ಬಳಿಯ 'ವ್ಯಾಲ್ ಸರ್ಫ್' ಎಂಬ ಅಂಗಡಿ ಷಿಕಾಗೋದ ಕಂಪನಿಯೊಂದರಿಂದ ಗಾಲಿಗಳನ್ನು ತರಿಸಿ ಸ್ಕೇಟ್‌ಬೋರ್ಡ್ ಮಾರಲಾರಂಭಿಸಿತು. ಅಂದರೆ ಆಟ ಹುಟ್ಟುತ್ತಲೇ ಅಂಗಡಿಯ ನಂಟೂ ಬೆಳೆಯಿತು.

ಆ ದಶಕದ ನಡುವೆ ಈ ಹುಚ್ಚು ಏರಿದಷ್ಟೇ ಬೇಗ ಇಳಿಯಿತು. ಆಗಿನ ಗಾಲಿಗಳನ್ನು ಜೇಡಿಮಣ್ಣು ಬೆರೆತ ಗಡುಸು ಪದಾರ್ಥದಿಂದ ಮಾಡುತ್ತಿದ್ದರು. ಸಣ್ಣ ಕಲ್ಲು ಸಿಕ್ಕರೂ ಗಾಲಿ ತಟ್ಟನೆ ನಿಂತು, ಸವಾರ ಮುಗ್ಗರಿಸಿ ಬೀಳುತ್ತಿದ್ದ. ಹಲವು ನಗರಗಳು ಆಟವನ್ನೇ ನಿಷೇಧಿಸಿದವು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಎಂಬ ಯುವಕ ಯೂರಿಥೇನ್ ಎಂಬ ಪ್ಲಾಸ್ಟಿಕ್ಕಿನ ಗಾಲಿಗಳನ್ನು ಮಾರುಕಟ್ಟೆಗೆ ತಂದಾಗ ಆಟಕ್ಕೆ ಮರುಜೀವ ಬಂತು. ಮೆದುವಾದ ಈ ಗಾಲಿ ನೆಲವನ್ನು ಕಚ್ಚಿ ಹಿಡಿಯುತ್ತಿತ್ತು, ಕಲ್ಲನ್ನು ದಾಟಿಕೊಂಡು ಹೋಗುತ್ತಿತ್ತು.

ಜೆಫಿರ್ ಎಂಬ ಅಂಗಡಿ

ಅದೇ ಹೊತ್ತಿಗೆ ಸಾಂಟಾ ಮೋನಿಕಾದ ಮೇನ್ ಸ್ಟ್ರೀಟ್‌ನಲ್ಲಿ ಜೆಫ್ ಹೋ, ಸ್ಕಿಪ್ ಎಂಗ್‌ಬ್ಲಾಮ್ ಮತ್ತು ಕ್ರೇಗ್ ಸ್ಟೆಸಿಕ್ ಎಂಬ ಮೂವರು ಸೇರಿ 'ಜೆಫಿರ್' ಎಂಬ ಸರ್ಫ್ ಅಂಗಡಿ ನಡೆಸುತ್ತಿದ್ದರು. ಸುತ್ತಲಿನ ಪ್ರದೇಶವನ್ನು ಜನ ಕರೆಯುತ್ತಿದ್ದುದು 'ಡಾಗ್‌ಟೌನ್' ಎಂದು. ಹೆಸರೇ ಹೇಳುವಂತೆ ಅದು ಸಿರಿವಂತರ ಬಡಾವಣೆಯಲ್ಲ. ಸಮುದ್ರದೊಳಕ್ಕೆ ಚಾಚಿದ್ದ ಮನರಂಜನಾ ಕೇಂದ್ರವೊಂದು ಮುಚ್ಚಿ ಪಾಳು ಬಿದ್ದಿತ್ತು. ಅದರ ಮುರಿದ ಕಂಬಗಳ ನಡುವೆಯೇ ಅಲ್ಲಿನ ಹುಡುಗರು ಸರ್ಫ್ ಮಾಡುತ್ತಿದ್ದರು. ಎಷ್ಟೋ ಮಂದಿಯ ಮನೆಯ ಪರಿಸ್ಥಿತಿ ನೆಟ್ಟಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವರು ಬಂದು ಕೂರುತ್ತಿದ್ದುದು ಜೆಫಿರ್ ಅಂಗಡಿಯಲ್ಲಿ.

ಅಂಗಡಿಯವರು ಅವರನ್ನು ಗದರಿಸಿ ಓಡಿಸಲಿಲ್ಲ. ಬದಲಿಗೆ ಹತ್ತು ಹನ್ನೆರಡು ಮಂದಿಯನ್ನು ಆರಿಸಿ ತಂಡ ಕಟ್ಟಿದರು. ಜೇ ಆಡಮ್ಸ್, ಟೋನಿ ಆಲ್ವಾ, ಸ್ಟೇಸಿ ಪೆರಾಲ್ಟಾ ಅವರಲ್ಲಿ ಪ್ರಮುಖರು. ತಂಡದಲ್ಲಿದ್ದ ಒಬ್ಬಳೇ ಹುಡುಗಿ ಪೆಗ್ಗಿ ಓಕಿ. ಅಂಗಡಿಯ ಹೆಸರು ಅಚ್ಚಾದ ನೀಲಿ ಅಂಗಿಯೇ ಅವರ ಸಮವಸ್ತ್ರ. 1975ರಲ್ಲಿ ಡೆಲ್ ಮಾರ್ ಎಂಬಲ್ಲಿ ನಡೆದ ಸ್ಪರ್ಧೆಗೆ ಈ ತಂಡ ಹೋಯಿತು. ಅಲ್ಲಿಯವರೆಗೆ ಸ್ಕೇಟ್‌ಬೋರ್ಡಿಂಗ್ ಎಂದರೆ ನೇರವಾಗಿ ನಿಂತು, ಸರ್ಕಸ್ಸಿನವರಂತೆ ಕಸರತ್ತು ತೋರಿಸುವುದಾಗಿತ್ತು. ಜೆಫಿರ್ ಹುಡುಗರು ಮೊಣಕಾಲು ಮಡಚಿ, ನೆಲಕ್ಕೆ ಕೈ ತಾಗುವಷ್ಟು ಬಾಗಿ, ಅಲೆಯ ಮೇಲೆ ತಿರುಗಿದಂತೆ ತಿರುಗಿದರು. ಆಟದ ಭಾಷೆಯೇ ಬದಲಾಯಿತು.

1976–77ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ತೀವ್ರ ಬರ ಬಂತು. ನೀರಿಲ್ಲದೆ ಮನೆಮನೆಯ ಈಜುಕೊಳಗಳು ಬರಿದಾದವು. ದುಂಡಗಿನ ಗೋಡೆಯ ಆ ಕೊಳಗಳಿಗೆ ಬೇಲಿ ಹಾರಿ ಇಳಿದ ಸ್ಕೇಟರ್‌ಗಳು ಗೋಡೆ ಹತ್ತಿ ಗಾಳಿಗೆ ಹಾರುವುದನ್ನು ಕಲಿತರು. ಆದರೆ ಆ ಹೊತ್ತಿಗೆ ಜೆಫಿರ್ ತಂಡ ಚದುರಿಹೋಗಿತ್ತು. ಹೆಸರು ಬಂದೊಡನೆ ಹಣವಂತ ಕಂಪನಿಗಳು ಹುಡುಗರನ್ನು ಸೆಳೆದುಕೊಂಡವು, ಅಂಗಡಿ ಬಾಗಿಲು ಹಾಕಿತು. ಬೆಳೆಸಿದ ಅಂಗಡಿ ಬಡವಾಗುವುದು, ಬೆಳೆದ ಆಟ ಶ್ರೀಮಂತವಾಗುವುದು: ಮುಂದೆ ಮತ್ತೆ ಮತ್ತೆ ಕಾಣುವ ಈ ಕಥೆಯ ಮೊದಲ ಅಧ್ಯಾಯ ಅದು. 2001ರಲ್ಲಿ ಪೆರಾಲ್ಟಾ ಈ ತಂಡದ ಬಗ್ಗೆ 'ಡಾಗ್‌ಟೌನ್ ಅಂಡ್ ಜೀ-ಬಾಯ್ಸ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ಅಂಗಡಿಯಿದ್ದ ಕಟ್ಟಡಕ್ಕೆ ಮುಂದೆ ಕಾಫಿ ಹೋಟೆಲೊಂದು ಬಂತು.

ಬೀದಿಯೇ ಮೈದಾನ

1970ರ ದಶಕದ ಕೊನೆಗೆ ಅಮೆರಿಕದಲ್ಲಿ ಕಾಂಕ್ರೀಟಿನ ಸ್ಕೇಟ್ ಪಾರ್ಕುಗಳು ತಲೆಯೆತ್ತಿದ್ದವು. ಬಿದ್ದು ಕೈಕಾಲು ಮುರಿದುಕೊಂಡವರ ದಾವೆಗಳ ಭಯ, ಏರಿದ ವಿಮೆಯ ಕಂತು ತಾಳಲಾರದೆ ಅವುಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಮುಚ್ಚಿದವು. ಆಟ ಮತ್ತೆ ಬೀದಿಗೆ ಬಿತ್ತು. ಫ್ಲೋರಿಡಾದ ಅಲನ್ ಗೆಲ್‌ಫಂಡ್ 1970ರ ದಶಕದ ಕೊನೆಯಲ್ಲಿ ಕೈ ತಾಗಿಸದೆ ಹಲಗೆಯೊಡನೆ ಮೇಲಕ್ಕೆ ನೆಗೆಯುವ 'ಆಲಿ' ಎಂಬ ಪಟ್ಟನ್ನು ಕಂಡುಹಿಡಿದಿದ್ದ. ರಾಡ್ನಿ ಮಲ್ಲೆನ್ ಅದನ್ನು ಸಮತಟ್ಟು ನೆಲದಲ್ಲಿ ಸಾಧಿಸಿ ತೋರಿಸಿದ. ಅಲ್ಲಿಂದಾಚೆಗೆ ನಗರದ ಮೆಟ್ಟಿಲು, ಕಟಕಟೆ, ಕಲ್ಲುಬೆಂಚು ಎಲ್ಲವೂ ಆಟದ ಸಾಮಗ್ರಿಯಾದವು. ಕಾವಲುಗಾರರು, ಪೊಲೀಸರು, ಅಂಗಸಾಧನೆಗೆ ಹೆದರುವ ಪಾದಚಾರಿಗಳು ಎದುರಾಳಿಗಳಾದರು.

ಎಲ್ಲಿ ಹೋದರೂ ಓಡಿಸಿಕೊಳ್ಳುವ ಹುಡುಗರಿಗೆ ಓಡಿಸದ ಒಂದೇ ಜಾಗವೆಂದರೆ ಅಂಗಡಿ. ನಮ್ಮ ಊರುಗಳಲ್ಲಿ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳನ್ನು ನೆನೆದರೆ ಇದರ ಚಿತ್ರ ಸಿಕ್ಕೀತು. ಅಲ್ಲಿ ಸೈಕಲ್ ಮಾತ್ರವಲ್ಲ, ಪಂಕ್ಚರ್ ಹಾಕುವ ವಿದ್ಯೆ, ಊರ ಸುದ್ದಿ, ಹಿರಿಯ ಹುಡುಗರ ಸಹವಾಸವೂ ಸಿಗುತ್ತಿತ್ತು.

ಸ್ಕೇಟ್ ಅಂಗಡಿಯದೂ ಹಾಗೆಯೇ. ಹೊಸಬನಿಗೆ ಎಷ್ಟು ಅಗಲದ ಹಲಗೆ ಬೇಕು, ಅಚ್ಚು ಎಷ್ಟು ಬಿಗಿಯಿರಬೇಕು ಎಂದು ಗಲ್ಲಾದ ಹಿಂದಿರುವವನೇ ಹೇಳುತ್ತಾನೆ. ಒರಟು ಪಟ್ಟಿ ಅಂಟಿಸಿ, ಅಂಚು ಕೊಯ್ದು, ಗಾಲಿ ಜೋಡಿಸಿ ಕೊಡುತ್ತಾನೆ. ಯಾವ ಚೌಕದಲ್ಲಿ ನೆಲ ನುಣುಪಾಗಿದೆ, ಎಲ್ಲಿ ಕಾವಲುಗಾರ ಬದಲಾಗಿದ್ದಾನೆ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. 1984ರಲ್ಲಿ ಪೆರಾಲ್ಟಾ 'ಬೋನ್ಸ್ ಬ್ರಿಗೇಡ್' ತಂಡದ ವಿಡಿಯೊ ತಂದ ಮೇಲೆ ಅಂಗಡಿಯ ಟೀವಿ ಮುಂದೆ ಕುಳಿತು ಹೊಸ ಪಟ್ಟುಗಳನ್ನು ನೋಡುವುದೂ ಒಂದು ಪಾಠವಾಯಿತು. ಚೆನ್ನಾಗಿ ಆಡುವವನನ್ನು ಅಂಗಡಿ ತನ್ನ ತಂಡಕ್ಕೆ ಸೇರಿಸಿಕೊಂಡು ಹಲಗೆ ಕೊಡುತ್ತದೆ. ದೊಡ್ಡ ಆಟಗಾರನಾಗುವ ದಾರಿಯ ಮೊದಲ ಮೆಟ್ಟಿಲು ಸಾಮಾನ್ಯವಾಗಿ ಅದೇ. ತಂಡದವನು ಬಿಟ್ಟ ಹಳೆಯ ಹಲಗೆ ಕಾಸಿಲ್ಲದ ಕಿರಿಯನ ಕೈಸೇರುತ್ತದೆ.

ಈ ಕಟ್ಟೆ ಎಲ್ಲರನ್ನೂ ಸಮನಾಗಿ ಬರಮಾಡಿಕೊಂಡಿತೆಂದು ಹೇಳುವಂತಿಲ್ಲ. ಹುಡುಗಿಯರು ಒಳಹೊಕ್ಕು ಕೂರುವುದು ಸುಲಭವಾಗಿರಲಿಲ್ಲ. ಪೆಗ್ಗಿ ಓಕಿ ತಂಡದಲ್ಲಿ ಒಂಟಿಯಾಗಿದ್ದುದು ಆಕಸ್ಮಿಕವೇನಲ್ಲ. ಹೊಸಬರನ್ನು ಮೂಲೆಗೊತ್ತಿ ಗೇಲಿ ಮಾಡುವ ಚಟವೂ ಇತ್ತು.

ಬೂಟಿನ ಲೆಕ್ಕ

ಇಷ್ಟೆಲ್ಲ ಮಾಡುವ ಅಂಗಡಿಯ ಹೊಟ್ಟೆ ತುಂಬುವುದು ಹೇಗೆ? ಹಲಗೆ ಬೇಗ ಸವೆಯುತ್ತದೆ, ಮುರಿಯುತ್ತದೆ. ಗಿರಾಕಿ ಮತ್ತೆ ಮತ್ತೆ ಬರುತ್ತಾನೆ. ಆದರೆ ಹಲಗೆಯ ಮೇಲೆ ಉಳಿಯುವ ಲಾಭ ಅತ್ಯಲ್ಪ. ಅಂಗಡಿಯ ಬಾಡಿಗೆ ಕಟ್ಟುವುದು ಬಹುಪಾಲು ಬೂಟು ಮತ್ತು ಬಟ್ಟೆ. ಒರಟು ಪಟ್ಟಿಗೆ ಉಜ್ಜಿ ಉಜ್ಜಿ ಸ್ಕೇಟರ್‌ನ ಬೂಟು ಬೇಗ ಹರಿಯುತ್ತದಲ್ಲ! ಅದೇ ಬೂಟು ಮಾಲ್‌ಗಳಲ್ಲಿ, ಈಗ ಆನ್‌ಲೈನ್‌ನಲ್ಲಿ, ಕಡಿಮೆ ಬೆಲೆಗೆ ಸಿಕ್ಕರೆ ಅಂಗಡಿಗೆ ಉಳಿಯುವುದು ಲಾಭವಿಲ್ಲದ ಹಲಗೆ ಮತ್ತು ಖರೀದಿಸದೆ ಕೂತಿರುವ ಹುಡುಗರು. ಆಟ ಜನಪ್ರಿಯವಾದಷ್ಟೂ ಅದನ್ನು ಬೆಳೆಸಿದ ಅಂಗಡಿ ಸೊರಗುವುದಕ್ಕೆ ಮುಖ್ಯ ಕಾರಣ ಈ ಲೆಕ್ಕಾಚಾರವೇ.

ಇದಕ್ಕೆ ತೀರ ವಿರುದ್ಧವಾದ ಉದಾಹರಣೆಯೂ ಇದೆ. 1994ರಲ್ಲಿ ನ್ಯೂಯಾರ್ಕಿನ ಲಫಯೆಟ್ ಸ್ಟ್ರೀಟ್‌ನಲ್ಲಿ ಜೇಮ್ಸ್ ಜೆಬ್ಬಿಯಾ 'ಸುಪ್ರೀಂ' ಎಂಬ ಅಂಗಡಿ ತೆರೆದರು. ಸ್ಕೇಟರ್‌ಗಳು ಹಲಗೆಯ ಸಮೇತ ಒಳಗೆ ಬರಲು ಅನುಕೂಲವಾಗಲೆಂದು ಬಟ್ಟೆಗಳನ್ನು ಗೋಡೆಯುದ್ದಕ್ಕೂ ಜೋಡಿಸಿ ನಡುವೆ ಜಾಗ ಬಿಟ್ಟಿದ್ದರು. ಆ ಅಂಗಡಿಯ ಹೆಸರು ಕ್ರಮೇಣ ಫ್ಯಾಷನ್ ಲೋಕದ ಮುದ್ರೆಯಾಯಿತು. 2020ರಲ್ಲಿ ವಿ.ಎಫ್. ಕಾರ್ಪೊರೇಷನ್ ಅದನ್ನು 210 ಕೋಟಿ ಡಾಲರ್‌ಗೆ ಕೊಂಡಿತು. 2024ರಲ್ಲಿ ಎಸಿಲೋರ್‌ಲಕ್ಸೋಟಿಕಾ ಎಂಬ ಕನ್ನಡಕದ ಕಂಪನಿಗೆ 150 ಕೋಟಿ ಡಾಲರ್‌ಗೆ ಮಾರಿತು. ಹುಡುಗರ ಕಟ್ಟೆಗೆ ಇಂಥ ಬೆಲೆ ಬಂದೀತೆಂದು ಯಾರು ಎಣಿಸಿದ್ದರು?

ಜಾಗ ಉಳಿಸಿಕೊಂಡವರು

ಅಂಗಡಿಯಲ್ಲಿ ಕಟ್ಟಿಕೊಂಡ ಬಳಗದ ಶಕ್ತಿ ಗೊತ್ತಾಗುವುದು ಆಡುವ ಜಾಗಕ್ಕೆ ಕುತ್ತು ಬಂದಾಗ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 1967ರಲ್ಲಿ ಕ್ವೀನ್ ಎಲಿಜಬೆತ್ ಹಾಲ್ ಎಂಬ ಸಂಗೀತ ಸಭಾಂಗಣ ಆರಂಭವಾಯಿತು. ಅದರ ಕೆಳಗಿನ ಕಂಬಗಳ ನಡುವಿನ ಖಾಲಿ ಜಾಗದಲ್ಲಿ 1970ರ ದಶಕದಿಂದ ಸ್ಕೇಟರ್‌ಗಳು ಆಡುತ್ತ ಬಂದಿದ್ದರು. 2013ರಲ್ಲಿ ಆ ಜಾಗವನ್ನು ಮಳಿಗೆಗಳಿಗೆ ಬಿಟ್ಟುಕೊಡುವ ಯೋಜನೆ ಬಂದಾಗ 'ಲಾಂಗ್ ಲಿವ್ ಸೌತ್‌ಬ್ಯಾಂಕ್' ಎಂಬ ಚಳವಳಿ ಹುಟ್ಟಿತು. ಮೇಜು ಹಾಕಿ ಕೂತು ಸಹಿ ಸಂಗ್ರಹಿಸಿದರು, ಸಾವಿರಾರು ಆಕ್ಷೇಪಣೆ ಸಲ್ಲಿಸಿದರು. 2014ರಲ್ಲಿ ಒಪ್ಪಂದವಾಗಿ ಜಾಗ ಉಳಿಯಿತು. ಹಿಂದೆ ಮುಚ್ಚಿಹೋಗಿದ್ದ ಒಂದು ಭಾಗ 2019ರಲ್ಲಿ ಮತ್ತೆ ತೆರೆಯಿತು. ಕಾನೂನು, ಅರ್ಜಿ, ಸಭೆ ಎಂದರೆ ದೂರ ಓಡುವವರೆಂದು ಜನ ತಿಳಿದಿದ್ದವರೇ ಆ ಕೆಲಸ ಮಾಡಿದ್ದರು.

ನಮ್ಮಲ್ಲಿ ಕಥೆ ಹಿಂದುಮುಂದಾಗಿ ನಡೆಯಿತು. ಇಲ್ಲಿ ಅಂಥ ಅಂಗಡಿಗಳೇ ಇರಲಿಲ್ಲ. ಒಳ್ಳೆಯ ಹಲಗೆ ಬೇಕಾದರೆ ವಿದೇಶದಿಂದ ಬರುವವರನ್ನು ಕಾಯಬೇಕಿತ್ತು. 2010ರ ದಶಕದ ಆರಂಭದಲ್ಲಿ ಬೆಂಗಳೂರಿನ ಕೆಲವು ಯುವಕರು 'ಹೋಲಿಸ್ಟೋಕ್ಡ್' ಎಂಬ ಬಳಗ ಕಟ್ಟಿಕೊಂಡರು. ತಾವೇ ಸಿಮೆಂಟು ಕಲಸಿ ಪಾರ್ಕು ಕಟ್ಟುವುದನ್ನು ಕಲಿತರು, ಹಲಗೆ ಮಾರುವುದಕ್ಕೂ ಕೈಹಾಕಿದರು. ಮುಂದೆ ದೇಶದ ಬೇರೆ ಊರುಗಳ ಪಾರ್ಕುಗಳಿಗೂ ಅವರ ಕೈಕೆಲಸ ಸಂದಿತು. ಅಂಗಡಿಯಿಂದ ಬಳಗ ಹುಟ್ಟುವ ಬದಲು ಬಳಗದಿಂದ ಅಂಗಡಿ ಹುಟ್ಟಿತು.

ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯಲ್ಲಿ 2015ರಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಕಟ್ಟಿಸಿದ ಪಾರ್ಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಕೊಳ್ಳುವ ಮಾತೇ ಇಲ್ಲ, ಮಕ್ಕಳಿಗೆ ಹಲಗೆಗಳನ್ನು ಪಾರ್ಕಿನಲ್ಲೇ ಕೊಡಲಾಯಿತು. ಹಾಕಿದ ಕಟ್ಟಳೆ ಎರಡೇ: ಹುಡುಗಿಯರಿಗೆ ಮೊದಲ ಸರದಿ, ಶಾಲೆಗೆ ಹೋಗದವರಿಗೆ ಆಟವಿಲ್ಲ. ಡಾಗ್‌ಟೌನಿನ ಅಂಗಡಿ ಬಿಟ್ಟಿದ್ದ ಕೊರತೆಯೊಂದನ್ನು ಹಳ್ಳಿಯ ಈ ಪಾರ್ಕು ತುಂಬಲು ನೋಡಿತು.

ಒಲಿಂಪಿಕ್ಸ್ ಪದಕದಿಂದ ಆಟಕ್ಕೆ ತರಬೇತುದಾರರು ಬರುತ್ತಾರೆ, ಸರ್ಕಾರದ ಅನುದಾನ ಬರುತ್ತದೆ, ಪಾರ್ಕುಗಳೂ ಬರುತ್ತವೆ. ಅವೆಲ್ಲ ಬೇಕಾದವೇ. ಆದರೆ ಗೆಲ್ಲುವ ಹುಡುಗನನ್ನು ಹುಡುಕಿಕೊಂಡು ಬರುವವರು ಬಹಳ. ಎಂದೂ ಗೆಲ್ಲದೆ ಸುಮ್ಮನೆ ಆಡುವ, ಮನೆಗೆ ಬೇಗ ಹೋಗಲು ಮನಸ್ಸಿಲ್ಲದ ಹುಡುಗನಿಗೆ ಸಂಜೆ ಕೂರಲು ಜಾಗ ಕೊಡುವವರು ಕಡಿಮೆ. ಸ್ಕೇಟ್ ಅಂಗಡಿ ಇಷ್ಟು ಕಾಲ ಮಾಡಿಕೊಂಡು ಬಂದದ್ದು ಆ ಎರಡನೆಯ ಕೆಲಸವನ್ನು. ಅದಕ್ಕೆ ರಸೀತಿ ಇಲ್ಲ, ಲಾಭದ ಪಟ್ಟಿಯಲ್ಲಿ ಅದು ಕಾಣುವುದೂ ಇಲ್ಲ. ಅಂಗಡಿ ಮುಚ್ಚಿದ ಮೇಲೆ ಹಲಗೆ ಬೇರೆಲ್ಲಾದರೂ ಸಿಗುತ್ತದೆ, ಕಟ್ಟೆ ಸಿಗುವುದಿಲ್ಲ.