ನೂರೆಪ್ಪತ್ತು ಕೋಟಿ ಸಲ ಅಲುಗಿದ ಕಾಗದ

1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. ಅಷ್ಟು ದೂರ ಹೋಗಿಯೂ ಅದರ ಬಹುಪಾಲು ಗಣಿಗೆ ದಕ್ಕಿತು. ಇವತ್ತು ಮದ್ದೂರಿನ ಯಾವುದೋ ಮನೆಯ ಹಜಾರದಲ್ಲಿ, ಲಕ್ಷ ರೂಪಾಯಿಯ ಸ್ಪೀಕರಿನೊಳಗೆ, ವಿದ್ಯುತ್ತು ಒಂದು ಗೇಣು ದಾಟುವಷ್ಟರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಶಾಖವಾಗಿ ಹೋಗುತ್ತದೆ. ನಾದವಾಗುವುದು ಉಳಿದ ಒಂದು ಪಾಲು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ.

ಅಷ್ಟೇ ಸಾಕು ಎನ್ನುವುದು ಕಿವಿಯ ಪವಾಡ. ನಮಗೆ ಕೇಳಿಸುವ ಅತಿ ಸಣ್ಣ ಸದ್ದಿನಲ್ಲಿ ಗಾಳಿ ಅಲುಗುವುದು ಒಂದು ಹೈಡ್ರೋಜನ್ ಪರಮಾಣುವಿನ ಅಗಲಕ್ಕಿಂತ ಕಡಿಮೆ. ಕಿವಿ ನೋಯಿಸುವ ಸದ್ದಿನ ಶಕ್ತಿ ಅದರ ಲಕ್ಷ ಕೋಟಿ ಪಟ್ಟು. ಸದ್ದು ಎರಡರಷ್ಟಾಯಿತು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ ಹಳೆಯ ಸ್ಪೀಕರು 50 ವ್ಯಾಟ್, ಹೊಸದು 100 ವ್ಯಾಟ್ ಎಂದು ಅಂಗಡಿಯವರು ಹೇಳಿದರೆ ಆ ಮಾತಿಗೆ ದುಡ್ಡು ಸುರಿಯಬೇಡಿ.

ಹಾಗಾದರೆ ಹಳೆಯದು ಸವೆದಿರುವುದಿಲ್ಲವೇ? ಲೆಕ್ಕ ಹಾಕೋಣ. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಾಯಕರ ಷಡ್ಜವೆಂದರೆ ಸೆಕೆಂಡಿಗೆ ಸುಮಾರು 130 ಕಂಪನ. ಆ ಒಂದೇ ಸ್ವರವನ್ನು ದಿನಕ್ಕೊಂದು ಗಂಟೆಯಂತೆ ಹತ್ತು ವರ್ಷ ನುಡಿಸಿದರೆ ಸ್ಪೀಕರಿನ ಕಾಗದದ ಕೋನ್ ಹಿಂದೆ ಮುಂದೆ ಅಲುಗುವುದು 170 ಕೋಟಿ ಸಲ! ಆದರೂ ಆ ಕಾಗದ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಅಂಚಿನಲ್ಲಿ ಹಿಡಿದಿರುವ ಫೋಮ್ ಮಾತ್ರ, ನುಡಿಸಿದರೂ ನುಡಿಸದಿದ್ದರೂ, ಗಾಳಿಯ ತೇವಕ್ಕೆ ಹತ್ತು ಹದಿನೈದು ವರ್ಷದಲ್ಲಿ ಪುಡಿಯಾಗುತ್ತದೆ. ದುಡಿಮೆಯಿಂದ ಕೆಡದ ವಸ್ತು ಸುಮ್ಮನೆ ಕೂತು ಕೆಡುವುದು ನನಗೆ ಇಂದಿಗೂ ಬೆರಗು. ಅಂಚು ರಬ್ಬರಿನದಾದರೆ ಅದರ ಆಯುಸ್ಸು ಎಷ್ಟೋ ಹೆಚ್ಚು. ಬಿಬಿಸಿಯವರು 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರುಗಳ ಹಳೆಯ ಜೋಡಿಗಳನ್ನು ಜನ ಇವತ್ತಿಗೂ ಹುಡುಕಿಕೊಂಡು ಹೋಗುತ್ತಾರೆ.

ಮಂಡ್ಯದಿಂದ ಬೆಂಗಳೂರಿಗೆ ನೂರು ಕಿಲೋಮೀಟರ್ ಹೋಗಿ ಸೆಕೆಂಡ್ ಹ್ಯಾಂಡ್ ಜೋಡಿ ನೋಡುವವರು ಮುಂದಿನ ಜಾಲರಿ ಬಿಚ್ಚಿಸಿ ಅಂಚನ್ನು ಮೆಲ್ಲಗೆ ಮುಟ್ಟಿ. ಎರಡೂ ಕಡೆ ಸಮನಾಗಿ ಬೆರಳಿಟ್ಟು ಕೋನನ್ನು ಹಗುರಾಗಿ ಒತ್ತಿ. ಒಳಗಿನ ತಂತಿ ಸುರುಳಿಯ ಸುತ್ತ ಇರುವ ಸಂದು ಮಿಲಿಮೀಟರಿಗಿಂತ ಕಡಿಮೆ, ಕರಕರ ಎಂದರೆ ಅದು ತಾಗುತ್ತಿದೆ ಎಂದರ್ಥ. 8 ಓಮ್ ಸ್ಪೀಕರಿಗೆ ಮೀಟರಿಟ್ಟರೆ 6ರ ಆಸುಪಾಸು ತೋರಿಸಬೇಕು. ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡೊಂದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿಸಿ ಕೇಳಿ.

ಒಳಗೇ ಆಂಪ್ಲಿಫೈಯರ್, ಬ್ಲೂಟೂತ್ ಇರುವ ಪೆಟ್ಟಿಗೆಯನ್ನು ಮಾತ್ರ ವಾರಂಟಿಯೊಂದಿಗೆ ಹೊಸದಾಗಿಯೇ ಕೊಳ್ಳಿ. ಬರೀ ಮರ, ಅಯಸ್ಕಾಂತ, ಕಾಗದದ ಒಳ್ಳೆಯ ಜೋಡಿ ರಬ್ಬರ್ ಅಂಚಿನೊಂದಿಗೆ ಅರ್ಧ ಬೆಲೆಗೆ ಸಿಕ್ಕರೆ, ನನ್ನ ಮಟ್ಟಿಗೆ ಹಳೆಯದೇ ಸರಿ.