ಫಿಲ್ಟರಿನಲ್ಲಿ ಉಳಿದದ್ದು

ಸೋಸುವ ಕೆಲಸ ನಮ್ಮ ಮನೆಗಳಿಗೆ ಹೊಸದಲ್ಲ. ಬೆಳಗಿನ ಡಿಕಾಕ್ಷನ್ ಇಳಿಯುವುದು ಫಿಲ್ಟರಿನಿಂದ. ಹಾಲನ್ನು ಸೋಸುತ್ತೇವೆ, ಹಿಟ್ಟನ್ನು ಜರಡಿ ಹಿಡಿಯುತ್ತೇವೆ, ಅಕ್ಕಿಯನ್ನು ಮೊರದಲ್ಲಿ ಕೇರುತ್ತೇವೆ. ಜೈನ ಶ್ರಾವಕರಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದಷ್ಟೇ ಅಲ್ಲ, ಬಟ್ಟೆಯಲ್ಲಿ ಉಳಿದದ್ದನ್ನು ನೀರು ತಂದ ಬಾವಿಗೋ ಕೆರೆಗೋ ಹಿಂದಿರುಗಿಸುವ ಪದ್ಧತಿಯೂ ಉಂಟು. ಉಳಿದದ್ದರಲ್ಲಿ ಜೀವವಿರಬಹುದೆಂಬ ಎಚ್ಚರ ಅದು. ಉಳಿದವರ ಕಣ್ಣು ಸಾಮಾನ್ಯವಾಗಿ ಸೋಸಿ ಬಂದದ್ದರ ಮೇಲೆ. ಬಟ್ಟೆಯಲ್ಲಿ ನಿಂತದ್ದನ್ನು ನೋಡದೆಯೇ ಕೊಡವಿಬಿಡುತ್ತಾರೆ. ಕಾರಿನ ಪೆಟ್ರೋಲ್ ಫಿಲ್ಟರನ್ನು ಬದಲಾಯಿಸುವಾಗ ಹೀಗೆ ಮಾಡಿದರೆ ಅರ್ಧ ಕೆಲಸವನ್ನು ಬಿಟ್ಟಂತಾಗುತ್ತದೆ ಎಂಬುದೇ ಈ ಹೊತ್ತಿನ ನನ್ನ ಮಾತು.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಕಾರಿನ ಹೊಟ್ಟೆಯ ವಿಚಾರವೇಕೆ ಎಂದು ಕೆಲವರು ಕೇಳಬಹುದು. ತಾಳೆಯೋಲೆಯ ಪ್ರತಿಯಲ್ಲಿ ಲಿಪಿಕಾರನ ಕೈತಪ್ಪು ಎಲ್ಲಿ ಹೊಕ್ಕಿತೆಂದು ಹುಡುಕುವುದಕ್ಕೂ, ಓಡುತ್ತಿದ್ದ ಎಂಜಿನ್ ಎಲ್ಲಿ ತಡವರಿಸಿತೆಂದು ಹುಡುಕುವುದಕ್ಕೂ ಬೇಕಾದ ತಾಳ್ಮೆ ಒಂದೇ ಎಂದು ನನಗೆ ತೋರಿದೆ. ನಿಘಂಟಿನಲ್ಲಿ ಫಿಲ್ಟರಿಗೆ ‘ಶೋಧಕ’ ಎಂಬ ಮಾತು ಸಿಗುತ್ತದೆ. ಶೋಧಿಸುವುದೆಂದರೆ ಶುದ್ಧಮಾಡುವುದೂ ಹೌದು, ಹುಡುಕುವುದೂ ಹೌದು. ಮಾತು ಚೆನ್ನಾಗಿಯೇ ಇದೆ; ಆದರೆ ಬಿಡಿಭಾಗಗಳ ಅಂಗಡಿಗೆ ಹೋಗಿ ಶೋಧಕವನ್ನು ಕೇಳಿದರೆ ಅಂಗಡಿಯಾತ ನಮ್ಮ ಮುಖವನ್ನೇ ಶೋಧಿಸುತ್ತಾನೆ. ಆದ್ದರಿಂದ ಫಿಲ್ಟರು ಎಂದೇ ಕರೆಯೋಣ.

ಮೊದಲು ಯಾವ ಕಾರು ಎಂಬುದು ಸ್ಪಷ್ಟವಾಗಬೇಕು. ನಾನು ಹೇಳಹೊರಟಿರುವುದು ಕಾರ್ಬ್ಯುರೇಟರ್ ಉಳ್ಳ ಹಳೆಯ ಪೆಟ್ರೋಲ್ ಕಾರುಗಳನ್ನು ಕುರಿತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800ರ ಹಳೆಯ ಮಾದರಿಗಳು, ಪ್ರೀಮಿಯರ್ ಪದ್ಮಿನಿ, ಪೆಟ್ರೋಲಿನ ಅಂಬಾಸಿಡರ್ ಈ ಬಗೆಯವು. ಅಕ್ಕರೆಯಿಂದ ಇಂಥವನ್ನು ಇಟ್ಟುಕೊಂಡಿರುವ ಮನೆಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಇವುಗಳಲ್ಲಿ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ತರುವುದು ಎಂಜಿನ್ನೇ ತಿದಿಯಂತೆ ಆಡಿಸುವ ಒಂದು ಚಿಕ್ಕ ಪಂಪು. ಅದರ ಒತ್ತಡ ಬಹಳ ಕಡಿಮೆ, ಸುಮಾರು 0.2ರಿಂದ 0.3 ಬಾರ್. ದಾರಿಯಲ್ಲಿ ಎರಡು ರಬ್ಬರ್ ಕೊಳವೆಗಳ ನಡುವೆ, ಹೆಬ್ಬೆರಳಿಗಿಂತ ಕೊಂಚ ದಪ್ಪನಾದ ಪ್ಲಾಸ್ಟಿಕ್ ಡಬ್ಬಿಯೊಂದು ಕೂತಿರುತ್ತದೆ. ಕೆಲವು ಕಾರುಗಳಲ್ಲಿ ಬಾನೆಟ್ಟಿನ ಕೆಳಗೆ, ಕೆಲವದರಲ್ಲಿ ಟ್ಯಾಂಕಿನ ಸಮೀಪ ಕಾರಿನ ತಳದಲ್ಲಿ. ಡಬ್ಬಿಯೊಳಗೆ ಸೀರೆಯ ನೆರಿಗೆಯಂತೆ ಮಡಿಸಿದ ಕಾಗದ. ನೆರಿಗೆ ಅಲಂಕಾರಕ್ಕಲ್ಲ, ಇಷ್ಟೇ ಜಾಗದಲ್ಲಿ ಹೆಚ್ಚು ಕಾಗದ ಹಿಡಿಸಲು. ಪೆಟ್ರೋಲು ನೆರಿಗೆಗಳ ಹೊರಗಿನಿಂದ ಒಳಕ್ಕೆ ನುಸುಳುತ್ತದೆ, ಕಸ ಹೊರಗೆ ನಿಲ್ಲುತ್ತದೆ. ಇಷ್ಟೇ ಅದರ ಬಾಳು.

ಕಾಗದ ಮುಚ್ಚಿಕೊಂಡಾಗ ಕಾರು ಏನು ಹೇಳುತ್ತದೆ? ಊರೊಳಗೆ ಏನನ್ನೂ ಹೇಳದಿರಬಹುದು. ಮಾರುಕಟ್ಟೆಗೆ ಹೋಗಿಬರಲು ಎಂಜಿನ್ನಿಗೆ ಬೇಕಾದ ಪೆಟ್ರೋಲು ಅರೆ ಮುಚ್ಚಿದ ಕಾಗದದಲ್ಲೂ ಜಿನುಗಿ ಬರುತ್ತದೆ. ಶಿರಾಡಿ ಘಾಟಿಯನ್ನು ಏರುವಾಗ ನಿಜ ಹೊರಬೀಳುತ್ತದೆ: ಕಾಲು ಪೂರ್ತಿ ಒತ್ತಿದ್ದರೂ ಕಾರು ಸೊರಗುತ್ತದೆ, ಜಗ್ಗುತ್ತದೆ, ನಿಂತೇಬಿಡುತ್ತದೆ, ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಇದೇ ಲಕ್ಷಣ ಬೇರೆ ಕಾರಣಗಳಿಂದಲೂ ಬರಬಹುದೆಂಬುದನ್ನು ಮರೆಯಬಾರದು. ಪಂಪಿನೊಳಗಿನ ಪೊರೆ ಹರಿದಿರಬಹುದು. ಬೇಸಗೆಯಲ್ಲಿ ಕೊಳವೆಯೊಳಗಿನ ಪೆಟ್ರೋಲು ಆವಿಯಾಗಿ ಪಂಪು ಎಳೆಯಲಾರದೆ ಹೋಗಬಹುದು. ಅಂಬಾಸಿಡರ್ ಓಡಿಸುತ್ತಿದ್ದ ಹಳೆಯ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕೇ. ಆದರೂ ಅಗ್ಗದ ವಸ್ತುವನ್ನು ಮೊದಲು ಪರೀಕ್ಷಿಸುವುದು ವಿವೇಕ, ಫಿಲ್ಟರಿಗಿಂತ ಅಗ್ಗದ್ದು ಆ ದಾರಿಯಲ್ಲಿ ಹೆಚ್ಚಿಲ್ಲ.

ಕೆಲಸ ಸಣ್ಣದು, ಅಪಾಯ ದೊಡ್ಡದು. ಅಪಾಯದ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಪೆಟ್ರೋಲು ಉರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಉರಿಯುವುದು ದ್ರವವಲ್ಲ, ಅದರ ಆವಿ ಎಂಬುದು ಅಷ್ಟಾಗಿ ಗೊತ್ತಿಲ್ಲ. ಹಿಮಕ್ಕಿಂತ ಎಷ್ಟೋ ತಣ್ಣಗೆ, ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದರೂ ಅದು ಹೊತ್ತಿಕೊಳ್ಳಬಲ್ಲಷ್ಟು ಆವಿಯನ್ನು ಬಿಡುತ್ತದೆ. ನಮ್ಮ ಊರಿನ ಬಿಸಿಲಿನಲ್ಲಿ ಕೇಳಬೇಕೆ! ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲಕ್ಕೆ ಹೋಗದೆ ನೀರಿನಂತೆ ತಗ್ಗು ಹುಡುಕಿಕೊಂಡು ನೆಲದ ಮೇಲೆ ಹರಿಯುತ್ತದೆ, ಕಣ್ಣಿಗೆ ಕಾಣದೆ. ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿ ಸ್ನಾನದ ನೀರು ಕಾಯಿಸುವ ಹಂಡೆಯ ಒಲೆ ಇದ್ದರೆ, ಒಲೆ ಬಂದು ಕಾರನ್ನು ಮುಟ್ಟಬೇಕಾಗಿಲ್ಲ. ಆವಿಯೇ ಒಲೆಯ ಬಳಿಗೆ ಹೋಗುತ್ತದೆ. ಆಯುಧಪೂಜೆಯ ದಿನ ಕಾರನ್ನು ತೊಳೆದು ಆರತಿ ಬೆಳಗುವವರು ನಾವು. ಅದೇ ದಿನದ ಉತ್ಸಾಹದಲ್ಲಿ ಫಿಲ್ಟರಿಗೂ ಕೈಹಾಕಬೇಡಿ. ದೀಪ, ಕರ್ಪೂರ, ಊದುಬತ್ತಿ ಯಾವುದೂ ಅಂದು ಅಲ್ಲಿ ಇರಕೂಡದು.

ಆದ್ದರಿಂದ ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಬೇಡ, ಗಾಳಿಯಾಡುವ ಅಂಗಳದಲ್ಲಿ ಮಾಡಿ. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ ಇರಲಿ, ಹಗಲಿನ ಬೆಳಕಿರಲಿ. ಬ್ಯಾಟರಿಯ ಋಣ ತಂತಿಯನ್ನು ಮೊದಲೇ ಬಿಡಿಸಿ. ಒಂದು ಕಿಡಿಯ ಸಾಧ್ಯತೆ ಕಡಿಮೆಯಾಗುತ್ತದೆ. ಹತ್ತಿಯ ಬಟ್ಟೆ ಉಟ್ಟಿರುವುದು ಲೇಸು. ಕಣ್ಣಿಗೆ ಮರೆಯಿರಲಿ. ಓದುವ ಕನ್ನಡಕ ಆ ಕೆಲಸಕ್ಕೆ ಸಾಲದು, ಪಕ್ಕದಿಂದ ಎರಚಿದ್ದನ್ನು ಅದು ತಡೆಯುವುದಿಲ್ಲ. ಕೈಗೆಟುಕುವಲ್ಲಿ ಒಣ ಪುಡಿಯ ಅಗ್ನಿಶಾಮಕವಿರಲಿ, ಜೊತೆಗೆ ಒಂದು ಬಕೆಟ್ಟು ಮರಳೂ ಇದ್ದರೆ ಒಳ್ಳೆಯದು. ನೀರಿನ ಬಕೆಟ್ಟು ಬೇಡ. ಉರಿಯುವ ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಕಾರಿನ ತಳಕ್ಕೆ ನುಗ್ಗಬೇಕಾದ ಮಾದರಿಯಾದರೆ, ಜಾಕಿಯೊಂದರ ಮೇಲೆ ನಿಂತ ಕಾರಿನಡಿ ಹೋಗಲೇಬೇಡಿ. ಅಂಥದ್ದನ್ನು ಮೆಕ್ಯಾನಿಕ್ಕನಿಗೆ ಬಿಡುವುದೇ ಸರಿ.

ಇನ್ನು ಕೆಲಸ. ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ಸಡಿಲಿಸಿದರೆ ಒಳಗೆ ಕಟ್ಟಿಕೊಂಡ ಒತ್ತಡ ಹೊರಗೆ ಹೋಗುತ್ತದೆ. ಟ್ಯಾಂಕು ತುಂಬಿಲ್ಲದ ದಿನವನ್ನು ಆರಿಸಿಕೊಂಡರೆ ಇನ್ನೂ ಹಗುರ. ಹಳೆಯ ಫಿಲ್ಟರನ್ನು ಮುಟ್ಟುವ ಮೊದಲು ಅದರ ಮೈಮೇಲಿನ ಬಾಣದ ಗುರುತು ಯಾವ ಕಡೆಗಿದೆಯೆಂದು ನೋಡಿ, ಬೇಕಾದರೆ ಬರೆದಿಟ್ಟುಕೊಳ್ಳಿ. ಬಾಣ ಪೆಟ್ರೋಲು ಹರಿಯುವ ದಿಕ್ಕನ್ನು ತೋರುತ್ತದೆ, ಅಂದರೆ ಎಂಜಿನ್ನಿನ ಕಡೆಗಿರಬೇಕು. ಕೆಳಗೊಂದು ಲೋಹದ ತಟ್ಟೆಯಿಟ್ಟು ಕ್ಲಿಪ್ಪುಗಳನ್ನು ಸಡಿಲಿಸಿ: ಸ್ಪ್ರಿಂಗಿನ ಕ್ಲಿಪ್ಪಾದರೆ ಇಕ್ಕಳದಿಂದ ಅದರ ಕಿವಿಗಳನ್ನು ಅದುಮಿ ಹಿಂದಕ್ಕೆ ಸರಿಸಬೇಕು, ತಿರುಪಿನದಾದರೆ ಸ್ಕ್ರೂಡ್ರೈವರು. ವರ್ಷಗಟ್ಟಲೆ ಅಂಟಿಕೊಂಡ ರಬ್ಬರನ್ನು ನೇರವಾಗಿ ಎಳೆದರೆ ಹರಿಯುತ್ತದೆ. ಮೊದಲು ಅತ್ತಿತ್ತ ತಿರುಚಿ ಹಿಡಿತ ಬಿಡಿಸಿ, ಆಮೇಲೆ ಎಳೆಯಿರಿ. ಟ್ಯಾಂಕಿನ ಕಡೆಯ ಕೊಳವೆಯಿಂದ ಪೆಟ್ರೋಲು ಸುರಿಯತೊಡಗಿದರೆ ಗಾಬರಿ ಬೇಡ. ಅದೇ ಅಳತೆಯ ಶುಚಿಯಾದ ಬೋಲ್ಟೊಂದನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡಿದ್ದು ಬಾಯಿಗೆ ತುರುಕಿದರೆ ಆಯಿತು.

ಹೊಸದನ್ನು ಹಾಕುವ ಮುನ್ನ ಇಲ್ಲಿ ನಿಲ್ಲಬೇಕು. ಹಳೆಯ ಫಿಲ್ಟರಿನ ಒಳಬಾಯಿಯನ್ನು, ಅಂದರೆ ಪೆಟ್ರೋಲು ಹೊಕ್ಕುತ್ತಿದ್ದ ಕಡೆಯನ್ನು, ಬಿಳಿಯ ಪಿಂಗಾಣಿ ಬಟ್ಟಲಿನ ಮೇಲೆ ಬಗ್ಗಿಸಿ ಒಳಗಿನದನ್ನು ಸುರಿಯಿರಿ. ಕಸ ಆ ಕಡೆಯೇ ನಿಂತಿರುತ್ತದೆ, ಅಲ್ಲಿಂದಲೇ ಹೊರಬರುತ್ತದೆ. ಬಟ್ಟಲನ್ನು ಎರಡು ನಿಮಿಷ ಅಲುಗಾಡಿಸದೆ ಬಿಟ್ಟು ನೋಡಿ. ಕಾವಿ ಬಣ್ಣದ ಪುಡಿ ತಳಕ್ಕಿಳಿದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತಿದೆ. ಅರೆ ಖಾಲಿಯಾಗಿ ತಿಂಗಳುಗಟ್ಟಲೆ ನಿಲ್ಲುವ ಕಾರುಗಳಲ್ಲಿ ಇದು ಸಾಮಾನ್ಯ. ಕರಿಯ ಚೂರುಗಳಾದರೆ ರಬ್ಬರ್ ಕೊಳವೆ ಒಳಗೇ ಕಳಚಿಕೊಳ್ಳುತ್ತಿದೆ ಎಂದು ಶಂಕಿಸಬೇಕು. ಕಂದು ಅಂಟೂ ಹುಳಿ ವಾಸನೆಯೂ ಇದ್ದರೆ ಪೆಟ್ರೋಲು ಬಹುಕಾಲ ನಿಂತು ಕೆಟ್ಟಿದೆ. ತಳದಲ್ಲಿ ಪಾದರಸದ ಹನಿಯಂತೆ ಬೇರೆಯಾಗಿ ಓಡಾಡುವ ಗುಂಡುಗಳು ಕಂಡರೆ ಅದು ನೀರು. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ಕೆಳಗೆ ನಿಲ್ಲುತ್ತದೆ.

ನಮ್ಮ ಪರಿಚಿತರೊಬ್ಬರು ಒಂದೇ ವರ್ಷದಲ್ಲಿ ನಾಲ್ಕು ಫಿಲ್ಟರು ಬದಲಾಯಿಸಿದರು. ಪ್ರತಿ ಸಲವೂ ಕಾರು ಎರಡು ತಿಂಗಳು ಸೊಗಸಾಗಿ ಓಡುವುದು, ಮತ್ತೆ ಮುಗ್ಗರಿಸುವುದು. ಹೊಸ ಫಿಲ್ಟರುಗಳೇ ಕಳಪೆ ಎಂದು ಅವರ ತೀರ್ಮಾನ. ನಾಲ್ಕೂ ಸಲ ಹಳೆಯದು ನೇರವಾಗಿ ಕಸದ ಬುಟ್ಟಿಗೆ ಹೋಗಿತ್ತು. ಐದನೆಯದನ್ನು ಬಟ್ಟಲಿಗೆ ಸುರಿದಾಗ ಬಂದದ್ದು ಕುಂಕುಮದಷ್ಟು ನಯವಾದ ತುಕ್ಕು. ಫಿಲ್ಟರುಗಳು ಕಳಪೆಯಾಗಿರಲಿಲ್ಲ, ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿ ಬೇಗ ಸತ್ತಿದ್ದುವು.

ಈಚೆಗೆ ಈ ಬಟ್ಟಲಿನ ಪರೀಕ್ಷೆಗೆ ಒಂದು ತೊಡಕು ಬಂದಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನ ಸಮಾವೇಶವೊಂದರಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ದೇಶದ ಸರಾಸರಿ ಮಿಶ್ರಣ ಹೆಚ್ಚುಕಡಿಮೆ ಆ ಪ್ರಮಾಣವನ್ನು ಮುಟ್ಟಿತು. ಎಥನಾಲ್ ನೀರಿನೊಡನೆ ಸ್ನೇಹ ಬೆಳೆಸುವ ದ್ರವ. ಟ್ಯಾಂಕಿಗೆ ಸೇರಿದ ಅಲ್ಪಸ್ವಲ್ಪ ನೀರನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಹನಿಗಳು ಬಟ್ಟಲಿನಲ್ಲಿ ಕಾಣುವುದಿಲ್ಲ. ಮಿತಿ ಮೀರಿದಾಗ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಅದಲ್ಲದೆ ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೆಯ ಕೊಳೆಯನ್ನು ಅದು ಸಡಿಲಿಸಿ ಫಿಲ್ಟರಿಗೆ ತಂದು ತುಂಬಬಲ್ಲದು, ಇದಕ್ಕಾಗಿ ತಯಾರಾಗದ ರಬ್ಬರನ್ನು ಉಬ್ಬಿಸಿ ಕೆಡಿಸಬಲ್ಲದು. ಹಳೆಯ ಕಾರಿದ್ದವರು ಫಿಲ್ಟರಿನ ಜೊತೆಗೆ ಕೊಳವೆಗಳನ್ನೂ ಬಾಗಿಸಿ ನೋಡಬೇಕು. ಮೇಲ್ಮೈಯಲ್ಲಿ ಬಿರುಕು ಕಂಡರೆ, ಒತ್ತಿದಾಗ ಗಟ್ಟಿಯಾಗಿಯೋ ಜಿಗುಟಾಗಿಯೋ ತೋರಿದರೆ, ಎಥನಾಲನ್ನು ತಾಳಬಲ್ಲ ಪೆಟ್ರೋಲ್ ಕೊಳವೆಯನ್ನೇ ಕೇಳಿ ಕೊಳ್ಳಬೇಕು. ತೋಟಕ್ಕೆ ನೀರು ಬಿಡುವ ಪೈಪಿನ ತುಂಡನ್ನು ಹಾಕಿ ಉಳಿಸಿದ ರೂಪಾಯಿ ಕಾರನ್ನೇ ಸುಡಬಹುದು.

ಹೊಸ ಫಿಲ್ಟರನ್ನು ಕೂಡಿಸುವುದರಲ್ಲಿ ಹೆಚ್ಚೇನೂ ಇಲ್ಲ. ಬಾಣ ಎಂಜಿನ್ನಿನ ಕಡೆಗೆ. ಕೊಳವೆ ಮೂತಿಯ ಉಬ್ಬನ್ನು ದಾಟಿ ಪೂರ್ತಿ ಒಳಹೋಗಬೇಕು, ಕ್ಲಿಪ್ಪು ಆ ಉಬ್ಬಿನ ಹಿಂದೆ ಕೂರಬೇಕು. ತಿರುಪನ್ನು ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ಕು ಸೀಳುತ್ತದೆ. ಫಿಲ್ಟರಾಗಲಿ ಕೊಳವೆಯಾಗಲಿ ಬಿಸಿಯಾಗುವ ಸೈಲೆನ್ಸರಿನ ಕೊಳವೆಗೂ ತಿರುಗುವ ಬೆಲ್ಟಿಗೂ ತಾಗದಂತಿರಲಿ. ಚೆಲ್ಲಿದ್ದನ್ನೆಲ್ಲ ಬನಿಯನ್ ವೇಸ್ಟಿನಿಂದ ಒರೆಸಿ, ವಾಸನೆ ಪೂರ್ತಿ ಆರುವವರೆಗೆ ಕಾದು, ಆಮೇಲೆ ಬ್ಯಾಟರಿ ಜೋಡಿಸಿ. ಕೊಳವೆ ಖಾಲಿಯಾಗಿರುವುದರಿಂದ ಎಂಜಿನ್ ಒಂದೆರಡು ಸಲ ಹೆಚ್ಚಾಗಿ ತಿರುಗಿದ ಮೇಲೆ ಹಿಡಿಯುತ್ತದೆ. ಫಿಲ್ಟರಿನೊಳಗೆ ಒಂದು ಗಾಳಿಗುಳ್ಳೆ ಉಳಿದರೆ ಚಿಂತೆಯಿಲ್ಲ. ಎಂಜಿನ್ ಓಡುತ್ತಿರುವಾಗಲೇ ಎರಡೂ ಕೂಡುಗಳನ್ನು ಕಣ್ಣಿಂದಲೂ ಮೂಗಿನಿಂದಲೂ ಪರೀಕ್ಷಿಸಿ. ಒಂದು ಹನಿ ಒಸರಿದರೂ ಕೂಡಲೇ ನಿಲ್ಲಿಸಬೇಕು.

ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಷನ್ ಪದ್ಧತಿಯ ಹೊಸ ಕಾರುಗಳ ಮಾತೇ ಬೇರೆ. ಅಲ್ಲಿ ಕೊಳವೆಯೊಳಗಿನ ಒತ್ತಡ ಸುಮಾರು 3 ಬಾರ್ ಇಲ್ಲವೆ ಅದಕ್ಕೂ ಹೆಚ್ಚು, ಅಂದರೆ ಕಾರಿನ ಟೈರಿನ ಗಾಳಿಗಿಂತ ಅಧಿಕ; ಎಂಜಿನ್ ನಿಲ್ಲಿಸಿ ಗಂಟೆಗಳಾದರೂ ಅದು ಉಳಿದಿರಬಹುದು. ಒತ್ತಡ ಇಳಿಸದೆ ಕೊಳವೆ ಬಿಚ್ಚಿದರೆ ಪೆಟ್ರೋಲು ಪಿಚಕಾರಿಯಂತೆ ಮುಖಕ್ಕೆ ಹಾರುತ್ತದೆ. ಎಷ್ಟೋ ಕಾರುಗಳಲ್ಲಿ ಫಿಲ್ಟರು ಟ್ಯಾಂಕಿನೊಳಗೆ ಪಂಪಿನ ಜೊತೆಯಲ್ಲೇ ಅಡಗಿರುತ್ತದೆ. ಡೀಸೆಲ್ ಕಾರಿನ ಫಿಲ್ಟರು ನೀರನ್ನೂ ಬೇರ್ಪಡಿಸುವಂಥದು. ಅದನ್ನು ಬದಲಾಯಿಸಿದ ಮೇಲೆ ಕೊಳವೆಯೊಳಗಿನ ಗಾಳಿಯನ್ನು ಹೊರದಬ್ಬುವ ಬೇರೊಂದು ಕ್ರಮವಿದೆ. ಇವನ್ನು ಮನೆಯಂಗಳದ ಕೆಲಸವೆಂದು ನಾನು ಹೇಳಲಾರೆ.

ಬಟ್ಟಲಿನ ಪೆಟ್ರೋಲನ್ನು ಚರಂಡಿಗೆ ಚೆಲ್ಲಬೇಡಿ. ಆವಿ ಚರಂಡಿಯಲ್ಲೇ ಮುಂದಿನ ಮನೆಗೆ ಹೋಗುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಗ್ಯಾರೇಜಿಗೆ ಕೊಡಿ. ಒದ್ದೆಯಾದ ಬಟ್ಟೆಗಳನ್ನು ಮುದ್ದೆಮಾಡಿ ಒಳಗಿಡದೆ ಬಯಲಲ್ಲಿ ಹರಡಿ ಒಣಗಿಸಿ. ಬಟ್ಟಲಿನಲ್ಲಿ ತುಕ್ಕು ಕಂಡಿದ್ದರೆ, ಹೊಸ ಫಿಲ್ಟರಿನ ಮೈಮೇಲೆ ಅಳಿಸದ ಶಾಯಿಯಿಂದ ತಾರೀಖನ್ನೂ ಕಿಲೋಮೀಟರನ್ನೂ ಬರೆದಿಟ್ಟು, ತಿಂಗಳ ಮೇಲೆ ಬಾನೆಟ್ ಎತ್ತಿ ನೋಡಿ. ಅಷ್ಟರೊಳಗೇ ಕಾಗದ ಕೆಂಪಗಾಗಿದ್ದರೆ ಟ್ಯಾಂಕನ್ನು ಇಳಿಸಿ ತೊಳೆಸಬೇಕು. ಆ ಕೆಲಸವನ್ನು ಮಾತ್ರ, ತೂತಿಗೆ ವೆಲ್ಡಿಂಗ್ ಬೇಕಾದರಂತೂ, ಬಲ್ಲವರ ಕೈಗೇ ಕೊಡಿ: ಖಾಲಿಯಾದ ಪೆಟ್ರೋಲ್ ಟ್ಯಾಂಕಿನಲ್ಲಿ ಉಳಿಯುವುದು ಗಾಳಿ ಬೆರೆತ ಆವಿ, ಕಿಡಿ ತಗುಲಿದರೆ ತುಂಬಿದ ಟ್ಯಾಂಕಿಗಿಂತ ಅದು ಭೀಕರವಾಗಿ ಸಿಡಿಯಬಲ್ಲದು.