ವಾರಪತ್ರಿಕೆಗೆ ಚಂದಾ: ಮನೆಗೆ ಲಾಭವೋ, ಹೊರೆಯೋ?

ಗದಗಿನಿಂದ ಮುಳಗುಂದದ ಹಾದಿ ಹಿಡಿದರೆ ಸಮೀಪದಲ್ಲೇ ಸಿಗುವ ಗ್ರಾಮ ಮಲ್ಲಸಮುದ್ರ. ಜಿಲ್ಲೆಯ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಇಲ್ಲಿಯೇ ಇದೆ. ಇಂಥ ಊರಿಗೆ ಸುದ್ದಿಯ ಬರವಿಲ್ಲ. ಮುಂಜಾನೆ ದಿನಪತ್ರಿಕೆ, ಹಗಲೆಲ್ಲ ಕೈಯಲ್ಲಿ ಮೊಬೈಲು, ಸಂಜೆಗೆ ಟಿ.ವಿ. ವಾಹಿನಿಗಳು. ಇಷ್ಟೆಲ್ಲ ಇರುವಾಗ ವಾರಕ್ಕೊಮ್ಮೆ ಬರುವ ಸುದ್ದಿಪತ್ರಿಕೆಗೆ ಚಂದಾ ಕಟ್ಟುವುದು ಸಾರ್ಥಕವೇ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಕಾಯಕದಿಂದ ಬಂದ ಹಣವು ಯಾವುದಕ್ಕೆ ವಿನಿಯೋಗವಾಗಬೇಕು, ಮನೆಯ ಮಕ್ಕಳ ಕಿವಿಗೆ ಎಂಥ ಮಾತು ಬೀಳಬೇಕು ಎಂಬ ಎರಡು ವಿಚಾರಗಳು ಇದರೊಳಗೆ ಅಡಗಿವೆ. ಆದ್ದರಿಂದ ಇದನ್ನು ಸಮಾಧಾನದಿಂದ ವಿವೇಚಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ವಾರಪತ್ರಿಕೆಯು ನಮ್ಮ ನಾಡಿಗಾಗಲಿ ನಮ್ಮ ಸಮಾಜಕ್ಕಾಗಲಿ ಹೊಸದಲ್ಲ. ರಂಗನಾಥ ದಿವಾಕರರು 1921ರಲ್ಲಿ ಧಾರವಾಡದಿಂದ ‘ಕರ್ಮವೀರ’ವನ್ನು ಹೊರತಂದರು. ವಚನಪಿತಾಮಹ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಮರುವರ್ಷವೇ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ವಚನಗಳ ಶೋಧನೆಯೊಂದೇ ಒಬ್ಬ ಮನುಷ್ಯನ ಜೀವಮಾನಕ್ಕೆ ಸಾಕಾಗುವಷ್ಟು ದೊಡ್ಡ ಕೆಲಸ. ಅದರ ನಡುವೆಯೂ ಅವರು ವರ್ತಮಾನದ ವಾರಪತ್ರಿಕೆಯ ಭಾರವನ್ನು ಹೊತ್ತರು. ಶರಣರ ಮಾತನ್ನು ಬಲ್ಲವನು ತನ್ನ ಕಾಲದ ಸಂಗತಿಯನ್ನೂ ಬಲ್ಲವನಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಮುಂದೆ 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಬಂದವು; ಕಥೆ, ಧಾರಾವಾಹಿ, ಲೇಖನಗಳನ್ನು ಹೊತ್ತು ಮನೆಮಂದಿಯ ಪತ್ರಿಕೆಗಳಾದವು. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತುಗಳಿಲ್ಲದೆ, ಓದುಗರು ಕೊಟ್ಟ ಹಣದಿಂದಲೇ ನಡೆಯಿತು.

ಚಂದಾ ಬೇಡವೆನ್ನುವವರ ಮಾತಿನಲ್ಲಿಯೂ ಹುರುಳಿದೆ. ವಾರಪತ್ರಿಕೆಯು ಟಪಾಲಿನಲ್ಲಿ ಕೈ ಸೇರುವ ಹೊತ್ತಿಗೆ ಸುದ್ದಿ ಹಳತಾಗಿರುತ್ತದೆ. ಕೆಲವು ಪತ್ರಿಕೆಗಳು ಕೊಲೆ, ಕಳ್ಳಸಂಬಂಧಗಳ ವರ್ಣನೆಯಿಂದಲೇ ಪುಟ ತುಂಬಿಸುತ್ತವೆ. ಅವುಗಳನ್ನು ಮಕ್ಕಳೆದುರು ಬಿಚ್ಚಲು ಹಿರಿಯರು ಹಿಂಜರಿಯುತ್ತಾರೆ. ಇನ್ನು ಕೆಲವು ವಾರಭವಿಷ್ಯಕ್ಕೆ ಪುಟ ಮೀಸಲಿಡುತ್ತವೆ. ಶುಭ ಅಶುಭ ದಿನಗಳೆಂಬ ಭಯವನ್ನು ಶರಣರು ಕಿತ್ತೊಗೆದ ನೆಲದಲ್ಲಿ ಹಣ ಕೊಟ್ಟು ಆ ಭಯವನ್ನೇ ಮನೆಗೆ ತರಿಸಿಕೊಳ್ಳುವುದು ಎಷ್ಟು ಸರಿ? ಕಾಲವೂ ವಾರಪತ್ರಿಕೆಗಳಿಗೆ ಅನುಕೂಲವಾಗಿಲ್ಲ. ಹೆಸರಾಂತ ‘ಇಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ’ 1993ರಲ್ಲಿ ನಿಂತುಹೋಯಿತು. ಅಮೆರಿಕದ ‘ನ್ಯೂಸ್‌ವೀಕ್’ 2012ರ ಕೊನೆಗೆ ಮುದ್ರಣವನ್ನೇ ನಿಲ್ಲಿಸಿ, ಕೆಲಕಾಲದ ಅನಂತರ ಮತ್ತೆ ಆರಂಭಿಸಬೇಕಾಯಿತು.

ಹಾಗಿದ್ದರೂ ಸುದ್ದಿ ಬೇಗನೆ ತಿಳಿಯುವುದು ಬೇರೆ, ಸರಿಯಾಗಿ ತಿಳಿಯುವುದು ಬೇರೆ. ನಮ್ಮ ಜಿಲ್ಲೆಯ ಸಂಗತಿಯನ್ನೇ ನೋಡೋಣ. ಕಳಸಾ-ಬಂಡೂರಿ ನೀರಿಗಾಗಿ 2015ರ ಜುಲೈಯಲ್ಲಿ ನರಗುಂದದ ರೈತರು ಧರಣಿ ಕುಳಿತರು. 2018ರ ಆಗಸ್ಟ್ 14ರಂದು ಮಹಾದಾಯಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಅಡಿ ನೀರು ಹಂಚಿತು. ಈ ಒಂದು ಅಂಕಿಯನ್ನಷ್ಟೇ ಕೇಳಿದವರು ಅಷ್ಟೂ ನೀರು ಮಲಪ್ರಭೆಗೆ ಹರಿಯುವುದೆಂದು ತಿಳಿಯುವುದು ಸಹಜ. ಲೆಕ್ಕವನ್ನು ಬಿಡಿಸಿದರೆ ಬೇರೆಯೇ ಕಾಣುತ್ತದೆ. ಅದರಲ್ಲಿ 8.02 ಟಿ.ಎಂ.ಸಿ. ಜಲವಿದ್ಯುತ್ತಿಗೆ ಮೀಸಲು, 1.50 ಮಹಾದಾಯಿ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಿಕೊಳ್ಳಬಹುದಾದದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಮಾತ್ರ. ನಾವು ಮೊದಲಿನಿಂದ ಕೇಳುತ್ತ ಬಂದದ್ದು 7.56. ತೀರ್ಪಿನ ಅಧಿಸೂಚನೆ ಹೊರಬಿದ್ದದ್ದು 2020ರ ಫೆಬ್ರವರಿ 27ರಂದು.

13.42ಕ್ಕೂ 3.90ಕ್ಕೂ ಇರುವ ಅಂತರವನ್ನು ತಿಳಿಯದ ಮನೆಯಲ್ಲಿ ಹರ್ಷವೂ ಸುಳ್ಳು, ಸಿಟ್ಟೂ ಸುಳ್ಳು. ಮೊಬೈಲಿನಲ್ಲಿ ಹರಿದು ಬರುವ ಎರಡು ಸಾಲು ಈ ಅಂತರವನ್ನು ಹೇಳಲಾರದು. ದಿನಪತ್ರಿಕೆಯು ಅದನ್ನು ತುಣುಕು ತುಣುಕಾಗಿ ಹೇಳಿದರೂ ನಿನ್ನೆಯ ತುಣುಕು ಇಂದು ರದ್ದಿಗೆ ಸೇರಿರುತ್ತದೆ. ವಾರದ ವ್ಯವಧಾನವುಳ್ಳ ಪತ್ರಿಕೆ ಮಾಡಬೇಕಾದ ಕೆಲಸವೇ ಇದು: ತುಣುಕುಗಳನ್ನು ಕೂಡಿಸಿ, ಹಿಂದುಮುಂದನ್ನು ಹೇಳಿ, ಅಂಕಿಯನ್ನು ಬಿಡಿಸಿ ತೋರಿಸುವುದು. ಆ ಕೆಲಸ ಮಾಡುವ ಪತ್ರಿಕೆಗೆ ಚಂದಾ ಸಾರ್ಥಕ. ಮಾಡದ ಪತ್ರಿಕೆಯು ಪುಕ್ಕಟೆ ಬಂದರೂ ಹೊರೆಯೇ ಸರಿ.

ಆದ್ದರಿಂದ ಸದ್ಭಕ್ತ ಬಂಧುಗಳಲ್ಲಿ ನಮ್ಮ ಸೂಚನೆ ಇಷ್ಟು. ವರ್ಷದ ಚಂದಾ ಕಟ್ಟುವ ಮೊದಲು ಒಂದೇ ಪತ್ರಿಕೆಯ ನಾಲ್ಕು ಸಂಚಿಕೆಗಳನ್ನು ಅಂಗಡಿಯಲ್ಲಿ ಕೊಂಡು ಓದಬೇಕು. ನಮಗೆ ಗೊತ್ತಿದ್ದ ವಿಷಯವೊಂದನ್ನು ಅದು ಯಥಾರ್ಥವಾಗಿ ಬರೆದಿದೆಯೇ? ಎರಡೂ ಪಕ್ಷಗಳ ಮಾತು ಅದರಲ್ಲಿದೆಯೇ? ತಪ್ಪಾದಾಗ ತಿದ್ದುಪಡಿ ಪ್ರಕಟಿಸುತ್ತದೆಯೇ? ಮನೆಯವರೆಲ್ಲ ಕೂತಾಗ ಗಟ್ಟಿಯಾಗಿ ಓದಬಹುದೇ? ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಮಾತ್ರ ಹಣ ಕಳಿಸಬೇಕು.

ಖರ್ಚಿನ ಭಯಕ್ಕೂ ದಾರಿಯಿದೆ. ಸಂಚಿಕೆಗೆ 25 ರೂಪಾಯಿ ಎಂದು ಹಿಡಿದರೆ 52 ವಾರಕ್ಕೆ 1,300 ರೂಪಾಯಿ. ಓಣಿಯ ಐದು ಮನೆಗಳು ಕೂಡಿದರೆ ಮನೆಗೆ 260. ದಾಸೋಹವೆಂಬುದು ಅನ್ನಕ್ಕೆ ಮಾತ್ರ ಸೀಮಿತವಲ್ಲ. ‘ಪುಸ್ತಕದ ಸ್ವಾಮೀಜಿ’ ಎಂದೇ ಖ್ಯಾತರಾಗಿದ್ದ, 2018ರಲ್ಲಿ ಲಿಂಗೈಕ್ಯರಾದ ಡಾ. ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಜ್ಞಾನದಾಸೋಹದ ಹಿರಿಮೆಯನ್ನು ನಡೆದು ತೋರಿಸಿದರು. ಅವರ ಮಠದಲ್ಲಿ ಸೋಮವಾರದ ಶಿವಾನುಭವವು ದಶಕಗಳಿಂದ ನಡೆದು ಬಂದಿದೆ. ವಾರಕ್ಕೊಮ್ಮೆ ಕೂತು ಕೇಳುವ, ಕೇಳಿದ್ದನ್ನು ವಾರವಿಡೀ ಮೆಲುಕು ಹಾಕುವ ಅಭ್ಯಾಸ ನಮ್ಮ ಜನಕ್ಕೆ ಹೊಸದಲ್ಲ.

ಬಂದ ಪತ್ರಿಕೆಯು ಕಟ್ಟು ಬಿಚ್ಚದೆ ಜಂತಿಯ ಮೇಲೆ ಧೂಳು ತಿನ್ನುವ ಮನೆಗೆ ಚಂದಾ ಬೇಡ. ವಾರದಲ್ಲಿ ಒಂದು ತಾಸು ಅಜ್ಜ ಕೇಳುವಂತೆ ಮೊಮ್ಮಗಳು ಓದುವ ಮನೆಗೆ ಅದು ಅವಶ್ಯವಾಗಿ ಬರಲಿ.